ಮಳೆಗೆ ಮುಂಚಿನ ಔಷಧ: ದ್ರಾಕ್ಷಿ ಮತ್ತು ಅಡಕೆ ತೋಟಗಳಲ್ಲಿ ಬೋರ್ಡೋ ದ್ರಾವಣದ ಉಪಯೋಗ

ಪೀಠಿಕೆ.— ಹೊಲದ ಪೈರು ಒಂದು ವರ್ಷ ಕೆಟ್ಟರೆ ರೈತನು ಮರುವರ್ಷ ಬಿತ್ತನೆ ಮಾಡಿ ನಷ್ಟವನ್ನು ತುಂಬಿಕೊಳ್ಳಬಹುದು. ತೋಟದ ಸಂಗತಿಯು ಹಾಗಲ್ಲ. ಅಡಕೆಯ ಸಸಿಯು ಫಲಕ್ಕೆ ಬರಲು ಐದಾರು ವರ್ಷಗಳಾದರೂ ಬೇಕು. ಕೊಳೆರೋಗವು ಗೊನೆಯಲ್ಲಿಯೇ ನಿಂತರೆ ಆ ವರ್ಷದ ಫಸಲು ಮಾತ್ರ ಹೋಗುವುದು. ಸುಳಿಗೆ ತಗುಲಿದರೆ ಮರವೇ ಸಾಯುವುದು. ತಂದೆಯು ನೆಟ್ಟ ಮರದ ಜಾಗದಲ್ಲಿ ಮಗನು ಮತ್ತೆ ಸಸಿಯಿಂದ ಆರಂಭಿಸಬೇಕಾಗುವುದು. ಆದುದರಿಂದ ತೋಟಗಾರರು ರೋಗವನ್ನು ಕಂಡಮೇಲೆ ಔಷಧವನ್ನು ಹುಡುಕುವುದಕ್ಕಿಂತ, ಕಾಣುವುದಕ್ಕೆ ಮೊದಲೇ ತಡೆಯನ್ನು ಒಡ್ಡುವುದು ಮೇಲು.

ಔಷಧದ ಪೂರ್ವಚರಿತ್ರೆ.— ಈ ಔಷಧವು ಮೊದಲು ಬಳಕೆಗೆ ಬಂದುದು ದ್ರಾಕ್ಷಿಯ ತೋಟದಲ್ಲಿ. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ಹಣ್ಣನ್ನು ಕಿತ್ತು ತಿನ್ನದಿರಲೆಂದು, ರಸ್ತೆಯ ಅಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಎರಚುತ್ತಿದ್ದರು. 1882ರಲ್ಲಿ ಬೂಷ್ಟುರೋಗದಿಂದ ಒಳಗಿನ ಬಳ್ಳಿಗಳೆಲ್ಲ ಎಲೆಯುದುರಿಸಿ ನಿಂತಿದ್ದಾಗ, ಈ ಅಂಚಿನ ಬಳ್ಳಿಗಳು ಮಾತ್ರ ಹಸುರಾಗಿದ್ದುದನ್ನು ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ ಎಂಬುವರು ಕಂಡರು. ಪರೀಕ್ಷೆಗಳನ್ನು ನಡೆಸಿ 1885ರಲ್ಲಿ ಫಲವನ್ನು ಪ್ರಕಟಿಸಿದರು.

ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ಕೆಲಸಕ್ಕೆ ಸೇರಿದ ಡಾ. ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಕೆ ಕೊಳೆರೋಗವನ್ನು ವ್ಯಾಸಂಗಮಾಡಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು. ಅಡಕೆಯ ಕೊಳೆರೋಗವನ್ನು ಉಂಟುಮಾಡುವ ಫೈಟಾಫ್ತೊರ ಎಂಬ ಸೂಕ್ಷ್ಮ ಜೀವಿಯೂ, ದ್ರಾಕ್ಷಿಯ ಬೂಷ್ಟುರೋಗದ ಜೀವಿಯೂ ಒಂದೇ ಬಳಗಕ್ಕೆ ಸೇರಿದವು. ಎರಡಕ್ಕೂ ಒಂದೇ ಔಷಧವು ಒಗ್ಗುವುದಕ್ಕೆ ಇದೇ ಕಾರಣ.

ರೋಗದ ಗುರುತು.— ಅಡಕೆಯಲ್ಲಿ ಮೊದಲು ಎಳೆಗಾಯಿಯ ತೊಟ್ಟಿನ ಬಳಿ ನೀರು ಹೀರಿದಂತೆ ಕಡುಹಸುರಿನ ಕಲೆಯು ಕಾಣುವುದು. ಕಾಯಿಗಳು ಉದುರುವುವು, ಉದುರಿದ ಕಾಯಿಯ ಮೇಲೆ ಬಿಳಿಯ ಬೂಷ್ಟು ಹರಡುವುದು. ದ್ರಾಕ್ಷಿಯಲ್ಲಿ ಎಲೆಯ ಮೇಲ್ಭಾಗದಲ್ಲಿ ಎಣ್ಣೆ ಬಿದ್ದಂತಹ ಹಳದಿಯ ಕಲೆಗಳೂ, ಅವುಗಳ ಕೆಳಭಾಗದಲ್ಲಿ ಬಿಳಿಯ ಬೂಷ್ಟೂ ತೋರುವುವು. ಈ ಎರಡು ರೋಗಗಳ ಬೀಜಕಣಗಳೂ ಮಳೆಹನಿ ಮತ್ತು ಗಾಳಿಯಿಂದ ಹರಡಿ, ಒದ್ದೆಯಾದ ಕಾಯಿ ಅಥವಾ ಎಲೆಯ ಮೇಲೆ ಮೊಳೆತು ಒಳಹೊಗುವುವು.

ಔಷಧವು ಮಾಡುವ ಕೆಲಸ.— ಬೋರ್ಡೋ ದ್ರಾವಣವು ಕಾಯಿಯ ಮೇಲೆ ಒಣಗಿ ತೆಳುವಾದ ಪೊರೆಯಾಗಿ ನಿಲ್ಲುವುದು. ಆ ಪೊರೆಯ ತಾಮ್ರವು ತನ್ನ ಮೇಲೆ ಬಿದ್ದ ಬೀಜಕಣವನ್ನು ಕೊಲ್ಲುವುದು. ಅದು ಕಾಯಿಯ ಒಳಕ್ಕೆ ಇಳಿಯುವುದಿಲ್ಲ. ಒಳಹೊಕ್ಕ ರೋಗವನ್ನು ವಾಸಿಮಾಡುವುದೂ ಇಲ್ಲ. ಕಾಯಿ ಉದುರಲು ತೊಡಗಿದ ಮೇಲೆ ಸಿಂಪಡಿಸಿ, ಔಷಧವೇ ಸುಳ್ಳೆಂದು ಹೇಳುವವರು ಈ ಸಂಗತಿಯನ್ನು ಮನಸ್ಸಿನಲ್ಲಿಡತಕ್ಕದ್ದು.

ತಯಾರಿಸುವ ಕ್ರಮ.— ಮೈಲುತುತ್ತ 1 ಕಿಲೋ, ಒಳ್ಳೆಯ ಸುಟ್ಟ ಸುಣ್ಣ 1 ಕಿಲೋ, ನೀರು 100 ಲೀಟರು. ಇದು ಹಿಂದಿನ ಲೆಕ್ಕದ 5 ಪೌಂಡು, 5 ಪೌಂಡು, 50 ಗ್ಯಾಲನ್‌ಗಳ ಪ್ರಮಾಣವೇ ಆಗಿದೆ.

1. ಮೈಲುತುತ್ತವನ್ನು ಪುಡಿಮಾಡಿ 50 ಲೀಟರು ನೀರಿನಲ್ಲಿ ಕರಗಿಸಬೇಕು. ಮರದ, ಮಣ್ಣಿನ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಯನ್ನೇ ಬಳಸಬೇಕು. ಕಬ್ಬಿಣದ ಪಾತ್ರೆಯು ಕೂಡದು.

2. ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ಅರಳಿಸಿ, ಸೋಸಿ, 50 ಲೀಟರು ತಿಳಿಯಾದ ಸುಣ್ಣದ ಹಾಲನ್ನು ಮಾಡಬೇಕು. ಅದು ಪೂರ್ತಿ ಆರಬೇಕು.

3. ಮೈಲುತುತ್ತದ ನೀರನ್ನು ಸುಣ್ಣದ ಹಾಲಿಗೆ ಮೆಲ್ಲಗೆ ಸುರಿಯುತ್ತ ಕಲಕಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬಾರದು.

4. ಸಾಣೆ ಹಿಡಿದ ಕುಡುಗೋಲಿನ ಅಲಗನ್ನು ಒಂದು ನಿಮಿಷ ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣವು ಸಾಲದೆಂದು ತಿಳಿದು, ಅದು ಹತ್ತದಿರುವವರೆಗೆ ಸುಣ್ಣವನ್ನು ಸೇರಿಸಬೇಕು. ಹೀಗೆ ಪರೀಕ್ಷಿಸದ ದ್ರಾವಣವು ಎಳೆಯ ಚಿಗುರನ್ನು ಸುಡಬಹುದು.

5. ಮಾಡಿದ ದ್ರಾವಣವನ್ನು ಅದೇ ದಿನ ಮುಗಿಸಬೇಕು. ಮರುದಿನಕ್ಕೆ ಉಳಿದುದು ಗುಣವನ್ನು ಕಳೆದುಕೊಳ್ಳುವುದು.

ಮೈಲುತುತ್ತವು ವಿಷ. ಮಕ್ಕಳ ಮತ್ತು ದನಗಳ ಕೈಗೆ ಸಿಗದಂತೆ ಇಡತಕ್ಕದ್ದು. ಸಿಂಪಡಿಸುವವರು ಕಣ್ಣು ಮೂಗುಗಳನ್ನು ಕಾಪಾಡಿಕೊಳ್ಳಬೇಕು. ಪಾತ್ರೆಗಳನ್ನು ಕೆರೆ ಬಾವಿಗಳಲ್ಲಿ ತೊಳೆಯಬಾರದು, ಮೀನುಗಳು ಸಾಯುವುವು. ಮರದ ಬುಡದ ಹುಲ್ಲನ್ನು ಕೂಡಲೆ ದನಗಳಿಗೆ ಹಾಕಬಾರದು.

ಕಾಲ.— ಅಡಕೆಗೆ ಮೊದಲನೆಯ ಸಿಂಪಡಿಕೆಯು ರೋಹಿಣಿ ಮಳೆಯ ದಿನಗಳಲ್ಲಿ, ಮುಂಗಾರು ಬಲವಾಗಿ ಹಿಡಿಯುವುದರೊಳಗೆ ಆಗಬೇಕು. ಎರಡನೆಯದು 40ರಿಂದ 45 ದಿನಗಳ ಮೇಲೆ, ಮಳೆಯು ಬಿಡುವು ಕೊಟ್ಟ ದಿನ. ಮಳೆಗಾಲವು ಉದ್ದವಾದರೆ ಮೂರನೆಯದೂ ಬೇಕು. ಗೊನೆಯ ಎಲ್ಲ ಕಾಯಿಗಳೂ ನೆನೆಯಬೇಕು. ಗೊನೆಗಳಿಗೆ ಕೊಟ್ಟೆ ಕಟ್ಟುವವರೂ ಮಳೆಗೆ ಮುಂಚೆಯೇ ಕಟ್ಟಿ ಮುಗಿಸಬೇಕು.

ಬೆಂಗಳೂರು, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿಗೆ ಅಕ್ಟೋಬರಿನ ಸವರುವಿಕೆಯ ನಂತರದ ಹಿಂಗಾರು ಮಳೆಯೇ ಅಪಾಯದ ಕಾಲ. ಸವರಿದ ಕಡ್ಡಿಗಳನ್ನು ತೋಟದ ಹೊರಗೆ ಸುಟ್ಟು, ಬೋಳಾದ ಬಳ್ಳಿಗೆ ಒಮ್ಮೆ ಸಿಂಪಡಿಸಬೇಕು. ಎಳೆಯ ಚಿಗುರಿಗೆ ಮೈಲುತುತ್ತ ಮತ್ತು ಸುಣ್ಣ ಎರಡನ್ನೂ ಅರ್ಧಮಾಡಿದ ದ್ರಾವಣವು ಸಾಕು. ಹಣ್ಣು ಮಾಗುವಾಗ ಸಿಂಪಡಿಸಿದರೆ ಗೊಂಚಲಿನ ಮೇಲೆ ಕಲೆಯು ಉಳಿಯುವುದು.

ಕೀಟಗಳ ವಿಷಯ.— ಈ ದ್ರಾವಣದಿಂದ ಕೀಟಗಳು ಸಾಯುವುವೆಂದು ನಂಬಬಾರದು. ದ್ರಾಕ್ಷಿಯ ಹೊಸ ಮೊಗ್ಗನ್ನು ಕೆರೆದು ತಿನ್ನುವ ಸಣ್ಣ ದುಂಬಿಗಳಿಗೆ, ಸವರುವಾಗ ಸಡಿಲ ತೊಗಟೆಯನ್ನು ತೆಗೆದು ಸುಡುವುದೂ, ಬಳ್ಳಿಯನ್ನು ಕೊಡವಿ ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವುದೂ ಉಪಾಯ. ಹಿಟ್ಟು ತಿಗಣೆಯನ್ನು ಇರುವೆಗಳು ಕಾಪಾಡುವುದರಿಂದ ಇರುವೆಗೂಡುಗಳನ್ನು ಮೊದಲು ನಾಶಮಾಡಬೇಕು.

ಊರೊಟ್ಟಿನ ಕೆಲಸ.— ಕಳೆದ ವರ್ಷ ಕೊಳೆತು ಮರದಲ್ಲಿಯೇ ಒಣಗಿದ ಗೊನೆಯು ಈ ವರ್ಷದ ರೋಗಕ್ಕೆ ಬೀಜ. ಅದನ್ನು ಇಳಿಸಿ, ಉದುರಿದ ಕಾಯಿಗಳನ್ನು ಆರಿಸಿ ಸುಡದಿದ್ದರೆ, ಒಬ್ಬನ ಅಲಕ್ಷ್ಯವು ಬೇಲಿಯನ್ನು ದಾಟಿ ನಾಲ್ವರ ತೋಟವನ್ನು ಕೆಡಿಸುವುದು. ಮಳೆಗೆ ಮುಂಚಿನ ಹದಿನೈದು ದಿನಗಳಲ್ಲಿ ಕೊನೆಗಾರರು ಮೊದಲು ಕರೆದವರ ಮನೆಗೆ ಹೋಗುವರು. ಬಡವರ ಮತ್ತು ಗಂಡು ದಿಕ್ಕಿಲ್ಲದ ಮನೆಗಳ ತೋಟವು ಕೊನೆಗೆ ಉಳಿಯುವುದು. ಆ ತೋಟದಲ್ಲಿ ಹುಟ್ಟಿದ ರೋಗವು ಮೊದಲು ಸಿಂಪಡಿಸಿದವನ ಗೊನೆಗಳಿಗೂ, ಮಳೆಯಿಂದ ಪೊರೆಯು ತೊಳೆದುಹೋದ ಕೂಡಲೆ ತಗುಲುವುದು. ಆದುದರಿಂದ ಊರ ಯಜಮಾನರು ಮೇ ತಿಂಗಳ ಆರಂಭದಲ್ಲಿಯೇ ತೋಟದವರನ್ನು ಸೇರಿಸಿ, ಮೈಲುತುತ್ತವನ್ನೂ ಸುಣ್ಣವನ್ನೂ ಒಟ್ಟಿಗೆ ತರಿಸಿ, ಕೊನೆಗಾರರ ಸರದಿಯನ್ನು ಗೊತ್ತುಮಾಡತಕ್ಕದ್ದು. ಹಿಂದಿನ ವರ್ಷ ರೋಗವು ಕಂಡ ತೋಟಗಳೇ ಸರದಿಯಲ್ಲಿ ಮೊದಲಿರಬೇಕು, ಅವು ಯಾರವೇ ಆಗಿರಲಿ. ನೆರೆಯವನ ತೋಟಕ್ಕೆ ಹಾಕಿದ ಔಷಧದಲ್ಲಿ ತನ್ನ ತೋಟದ ರಕ್ಷಣೆಯೂ ಸೇರಿದೆಯೆಂಬುದನ್ನು ಪ್ರತಿಯೊಬ್ಬ ತೋಟಗಾರನೂ ತಿಳಿಯತಕ್ಕದ್ದು.