ಟೆಸ್ಟ್‌ನಲ್ಲಿ ಉಳಿದ ಲೀಕ್

ಪ್ರೀತಿಯ ಅನಘಾ,

ನಿಮ್ಮ ಟೀಮಿನಲ್ಲಿ ಎದ್ದ ಚರ್ಚೆಯ ಬಗ್ಗೆ ಬರೆದಿದ್ದೀಯ. ‘ಟೆಸ್ಟ್ ಪ್ರೋಗ್ರಾಂ ಎರಡು ಸೆಕೆಂಡಿಗೆ ಮುಗಿಯುತ್ತೆ, ಮೆಮೊರಿಯನ್ನೆಲ್ಲ ಆಪರೇಟಿಂಗ್ ಸಿಸ್ಟಮ್ಮೇ ವಾಪಸ್ ತಗೊಳ್ಳುತ್ತೆ, ಈ ಮೆಮೊರಿ ಲೀಕ್‌ಗಳನ್ನು ಯಾಕೆ ಸರಿಮಾಡಬೇಕು?’ ಅನ್ನುವವರ ಮಾತಿನಲ್ಲಿ ಸುಳ್ಳಿಲ್ಲ. ಪ್ರೋಸೆಸ್ ಮುಗಿದ ಕೂಡಲೇ ಕರ್ನಲ್ ಅದರ ಮೆಮೊರಿ ಪುಟಗಳನ್ನೆಲ್ಲ ಬಿಡಿಸಿಕೊಳ್ಳುತ್ತದೆ. ಆದರೂ ಸರಿಮಾಡು ಎಂದೇ ನಾನು ಹೇಳುವುದು.

ಒಂದು ಪಾರ್ಸರ್ ಇದೆ ಅಂದುಕೋ. ತಪ್ಪು ಇನ್‌ಪುಟ್ ಬಂದರೆ ಎರರ್ ಕೋಡ್ ಕೊಟ್ಟು ನಡುವಿನಲ್ಲೇ ರಿಟರ್ನ್ ಆಗುತ್ತದೆ. ಅದಕ್ಕೂ ಮೊದಲು ಮ್ಯಾಲಕ್ ಮಾಡಿದ 4 ಕೆಬಿ ಬಫರ್ ಫ್ರೀ ಆಗುವುದೇ ಇಲ್ಲ. ಟೆಸ್ಟ್‌ನಲ್ಲಿ ಇದು ನಡೆಯುವುದು ಒಂದೇ ಸಲ. ಅದೇ ಪಾರ್ಸರ್ ಸರ್ವರಿನಲ್ಲಿ ಸೆಕೆಂಡಿಗೆ ನೂರು ಕೆಟ್ಟ ರಿಕ್ವೆಸ್ಟ್ ನೋಡಿದರೆ, ಗಂಟೆಗೆ ಸುಮಾರು 1.4 ಜಿಬಿ ಹೋಯಿತು. ಎರರ್ ದಾರಿಯಲ್ಲಿ ಕೋಡ್ ಓಡುವುದು ಹೆಚ್ಚಾಗಿ ಟೆಸ್ಟ್‌ಗಳಲ್ಲೇ. ಅಲ್ಲಿ ಸಿಕ್ಕಿದ್ದನ್ನು ಬಿಟ್ಟರೆ ಮುಂದೆ ಅದನ್ನು ಹಿಡಿಯುವ ಕೆಲಸ ರಾತ್ರಿ ಪಾಳಿಯವರ ಪಾಲಿಗೆ.

ಲೀಕ್ ಟೆಸ್ಟ್ ಕೋಡಿನದೇ ಆಗಿದ್ದರೂ ಬಿಡಬೇಡ. ಮುನ್ನೂರು ಹಳೆಯ ಲೀಕ್ ರಿಪೋರ್ಟ್‌ಗಳ ನಡುವೆ ಮುನ್ನೂರ ಒಂದನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ರಿಪೋರ್ಟ್ ಸೊನ್ನೆಯಲ್ಲಿದ್ದರೆ ಮಾತ್ರ ಹೊಸ ಲೀಕ್ ಬಂದ ದಿನವೇ ಬಿಲ್ಡ್ ಕೆಂಪಾಗುತ್ತದೆ.

ಗಿಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಬಹುಪಾಲು ಕಮಾಂಡ್‌ಗಳು ಕ್ಷಣದಲ್ಲಿ ಮುಗಿಯುವಂಥವು, ಹಾಗಾಗಿ ಎಷ್ಟೋ ವರ್ಷ ಲೀಕ್‌ಗಳು ಹಾಗೇ ಉಳಿದಿದ್ದವು. 2021ರಿಂದ ಅದರ ಡೆವಲಪರ್‌ಗಳು ಲೀಕ್ ಇಲ್ಲದ ಟೆಸ್ಟ್ ಫೈಲುಗಳಿಗೆ ಒಂದೊಂದಾಗಿ ಗುರುತು ಹಾಕುತ್ತಾ ಬಂದರು. 2024ರ ಕೊನೆಯ ಹೊತ್ತಿಗೆ ಇಡೀ ಟೆಸ್ಟ್ ಸೂಟ್ ಲೀಕ್ ಸ್ಯಾನಿಟೈಸರ್ ಅಡಿಯಲ್ಲಿ ಪಾಸಾಗಿ, ಆ ಗುರುತೇ ಬೇಡವಾಯಿತು. ಇಂಥ ತಾಳ್ಮೆಯ ಕೆಲಸ ಕಂಡರೆ ನನಗೆ ಗೌರವ.

ಹಾಗೆಂದು ಕಂಡದ್ದನ್ನೆಲ್ಲ ಫ್ರೀ ಮಾಡಲು ಹೊರಡಬೇಡ. ವ್ಯಾಲ್‌ಗ್ರಿಂಡ್ ‘ಡೆಫಿನೆಟ್ಲಿ ಲಾಸ್ಟ್’ ಮತ್ತು ‘ಸ್ಟಿಲ್ ರೀಚಬಲ್’ ಎಂದು ಬೇರೆಬೇರೆಯಾಗಿ ತೋರಿಸುವುದು ಸುಮ್ಮನೆ ಅಲ್ಲ. ಎರಡನೆಯ ಬಗೆಗೆ ಒಂದು ಉದಾಹರಣೆ: ಗ್ಲೋಬಲ್ ಪಾಯಿಂಟರ್ ಹಿಡಿದಿಟ್ಟುಕೊಂಡಿರುವ ಕಾನ್ಫಿಗರೇಶನ್ ಟೇಬಲ್ ಕೊನೆಯವರೆಗೂ ಬೇಕು. ಅದನ್ನು ಎಕ್ಸಿಟ್ ಹೊತ್ತಿನಲ್ಲಿ ಫ್ರೀ ಮಾಡಲು ಹೋದರೆ, ಇನ್ನೂ ಓಡುತ್ತಿರುವ ಥ್ರೆಡ್ ಅದನ್ನೇ ಓದಿ ಪ್ರೋಗ್ರಾಂ ಕ್ರ್ಯಾಶ್ ಆದೀತು. ನಿರಪಾಯಕಾರಿ ಲೀಕ್ ತೆಗೆಯಲು ಹೋಗಿ ನಿಜವಾದ ಬಗ್ ತಂದಿಟ್ಟಂತಾಯಿತು. ಅಂಥದ್ದನ್ನು ಹಾಗೇ ಬಿಡು. ನಿಮ್ಮದಲ್ಲದ ಲೈಬ್ರರಿಯ ಲೀಕ್ ಆದರೆ ಸಪ್ರೆಶನ್ ಫೈಲಿಗೆ ಸೇರಿಸು. ಆದರೆ ಫಂಕ್ಷನ್ ಹೆಸರು ಕೊಟ್ಟು, ಕಾರಣವನ್ನು ಪಕ್ಕದಲ್ಲೇ ಬರೆದಿಡು. ಇಡೀ ಲೈಬ್ರರಿಗೆ ಒಂದೇ ಸಾಲಿನ ವಿನಾಯಿತಿ ಕೊಡಬೇಡ.

ಎಲ್ಲವನ್ನೂ ಒಂದೇ ವಾರದಲ್ಲಿ ಮುಗಿಸುವ ಹಟ ಬೇಡ. ಮೊದಲು ಎರರ್ ದಾರಿಯ ಟೆಸ್ಟ್‌ಗಳನ್ನು ತೆಗೆದುಕೋ. ಒಂದು ಫೈಲು ಸ್ವಚ್ಛವಾದ ಕೂಡಲೇ ಅದಕ್ಕೆ ಸಿಐಯಲ್ಲಿ ಲೀಕ್ ಚೆಕ್ ಕಡ್ಡಾಯ ಮಾಡಿಸು, ಆಮೇಲೆ ಮುಂದಿನದಕ್ಕೆ ಹೋಗು.

ನಿನ್ನ ಸೋದರಮಾವ