ಜೋಳ: ಆಫ್ರಿಕದ ಬೆಳೆ, ಕಲಬುರಗಿಯ ಊಟ

ಜೋಳದ ತವರು ಈಶಾನ್ಯ ಆಫ್ರಿಕ. ಪೂರ್ವ ಸುಡಾನ್‌ನಲ್ಲಿ ಅದರ ಕೃಷಿಗೆ 5,000 ವರ್ಷಗಳಷ್ಟು ಹಳೆಯ ಪುರಾವೆ ಸಿಕ್ಕಿದೆ. ರಾಗಿ, ಸಜ್ಜೆ, ಅಲಸಂದೆಯೂ ಆ ಖಂಡದವೇ. ಕಲಬುರಗಿ ಜಿಲ್ಲೆಯ ಚಿಂಚೋಳಿ, ಸೇಡಂ, ಚಿತ್ತಾಪುರ ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಮಣ್ಣಿನಲ್ಲಿ ಉಳಿದ ತೇವದಲ್ಲೇ ಬೆಳೆಯುತ್ತದೆ. ನೀರು ಕಡಿಮೆಯಾದರೆ ಎಲೆ ಸುರುಳಿ ಸುತ್ತಿ ಬೆಳವಣಿಗೆ ತಡೆಹಿಡಿದು, ತೇವ ಸಿಕ್ಕೊಡನೆ ಮತ್ತೆ ಬೆಳೆಯುವುದು ಅದರ ಗುಣ. ಬರ ಹೆಚ್ಚುತ್ತಿರುವ ಕಾಲಕ್ಕೆ ಇಂಥ ಧಾನ್ಯವನ್ನು ದಿನದ ಊಟದಲ್ಲಿ ಉಳಿಸಿಕೊಳ್ಳಲೇಬೇಕು.

ರೊಟ್ಟಿ ಬಡಿಯಲು ಹೊತ್ತು, ಕೈಚಳಕ ಎರಡೂ ಬೇಕು, ಪೇಟೆಯವರಿಗೆ ಒಗ್ಗದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಖಡಕ್ ರೊಟ್ಟಿ ಬೇಗ ಕೆಡದು. ಸ್ವಸಹಾಯ ಸಂಘಗಳ ಮಹಿಳೆಯರು ಅದನ್ನೇ ‘ಕಲಬುರಗಿ ರೊಟ್ಟಿ’ ಹೆಸರಿನಲ್ಲಿ ದೂರದೂರಿಗೂ ಮಾರುತ್ತಿದ್ದಾರೆ. ತೊಗರಿಯಷ್ಟು ಲಾಭವಿಲ್ಲ ಎನ್ನುವವರು ದನಕ್ಕೆ ಸಿಗುವ ಕಣಿಕೆಯ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.