ಲೇಟೆಕ್‌ನಲ್ಲಿ ಒತ್ತಕ್ಷರ ಒಡೆದರೆ

ರಿಪೋರ್ಟ್ ಕೊಡೋಕೆ ಒಂದೇ ದಿನ ಬಾಕಿ. ನಮ್ಮ ಮುಖಪುಟದಲ್ಲಿ ‘ಚಿತ್‌ರದುರ್‌ಗ’! ಟೈಪಿಂಗ್ ತಪ್ಪಲ್ಲ, ಸೆಟ್ಟಿಂಗ್ ತಪ್ಪು. ನೀವೂ ಹೀಗೆ ಸರಿಮಾಡಿಕೊಳ್ಳಿ.

1. ಪಿಡಿಎಫ್‌ಲೇಟೆಕ್ ಯೂನಿಕೋಡ್ ಕನ್ನಡವನ್ನು ನೇರವಾಗಿ ಮೂಡಿಸೋದಿಲ್ಲ. ಕಂಪೈಲರ್ ಝೀಲೇಟೆಕ್‌ಗೆ ಬದಲಿಸಿ.

2. ಫಾಂಟ್‌ಸ್ಪೆಕ್ ಪ್ಯಾಕೇಜ್ ಸೇರಿಸಿ, ನೋಟೋ ಸೆರಿಫ್ ಕನ್ನಡದಂಥ ಯೂನಿಕೋಡ್ ಫಾಂಟ್ ಕೊಡಿ.

3. ಫಾಂಟ್ ಹೆಸರಷ್ಟೇ ಸಾಲದು. ‘ಸ್ಕ್ರಿಪ್ಟ್’ ಆಯ್ಕೆಗೆ ‘ಕನ್ನಡ’ ಎಂದು ಇಂಗ್ಲಿಷ್ ಅಕ್ಷರದಲ್ಲೇ ಕೊಡಿ. ಇಲ್ಲದಿದ್ದರೆ ಒತ್ತು ಕೂಡಿಸುವ ನಿಯಮಗಳು ಕೆಲಸ ಮಾಡೋದಿಲ್ಲ. ನಾವು ಬಿಟ್ಟಿದ್ದು ಇದನ್ನೇ.

4. ಹಳೆಯ ನುಡಿ ಆಸ್ಕಿ ಪಠ್ಯವಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಪರೀಕ್ಷಿಸೋಕೆ ‘ಹಿರಿಯೂರು’ ಸಾಲದು, ಅದರಲ್ಲಿ ಒತ್ತಕ್ಷರವೇ ಇಲ್ಲ. ‘ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ’ ಬರೆದು ನೋಡಿ. ರ ಒತ್ತು, ಅರ್ಕಾವತ್ತು, ಕ ಒತ್ತು ಮೂರೂ ಸರಿ ಬಂದರೆ ಧೈರ್ಯವಾಗಿ ಪ್ರಿಂಟ್‌ಗೆ ಕೊಡಿ.